ಅರ್ಧ ಇಂಚು ಮಾಸ್ಟರರ ಹೂಗಿಡ

"ಏನೂ ಮಾಡದೆ ಇರಬೇಕು, ಅಷ್ಟೇ ತಾನೇ? ಆ ವಿಷಯದಲ್ಲಿ ನನ್ನನ್ನ ಮೀರಿಸೋ ಗಂಡಸು ಈ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ ಕಣೇ!"

ಬಸ್ಸಿಗೆ ಹೊರಟು ನಿಂತಿದ್ದ ಹೆಂಡತಿಯ ಮುಂದೆ ಟೈಲರ್ ಮಾಸ್ಟರು ಎದೆ ತಟ್ಟಿಕೊಂಡು ಹೇಳಿದ ಮಾತಿದು. ಹೇಳುವಾಗ ಅವರ ಕೊರಳಲ್ಲಿ ಅಳತೆ ಟೇಪು ಸನ್ಮಾನದ ಹಾರದಂತೆ ತೂಗುತ್ತಿತ್ತು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು ಕೂತಿತ್ತು. ಕೈಯಲ್ಲಿ ಕತ್ತರಿ. ಹೆಂಡತಿಯ ಕಣ್ಣು ಅವರ ಮುಖ ಬಿಟ್ಟು ಆ ಕತ್ತರಿಯ ಮೇಲೇ ನೆಟ್ಟಿತ್ತು.

ಮಾಸ್ಟರಿಗೆ ಬೀದಿಯವರು ಇಟ್ಟ ಹೆಸರು 'ಅರ್ಧ ಇಂಚು'. ಯಾವ ಬಟ್ಟೆಯನ್ನೇ ಅವರ ಮುಂದಿಡಿ, ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, "ಅರ್ಧ ಇಂಚು ತೆಗೆದರೆ ಸರಿಹೋಗುತ್ತೆ" ಅನ್ನುತ್ತಿದ್ದರು. ಪ್ಯಾಂಟು, ಪರದೆ, ಮೇಜಿನ ಹೊದಿಕೆ, ಕೊನೆಗೆ ಸೋದರಳಿಯನ ಮೀಸೆಯನ್ನೂ ಬಿಟ್ಟವರಲ್ಲ. ಅಂಥವರ ಕೈಗೆ ಒಂದು ಗಿಡವನ್ನು ಹನ್ನೆರಡು ದಿನ ಒಪ್ಪಿಸಿ ಹೋಗುವುದೆಂದರೆ ಸಾಮಾನ್ಯ ಧೈರ್ಯವೇ! ಆದರೆ ಆಕೆಯ ಅಕ್ಕ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿ ಮಲಗಿದ್ದರು. ಹೋಗದೆ ವಿಧಿಯಿರಲಿಲ್ಲ.

ಗಿಡ ಇದ್ದದ್ದು ಗೇಟಿನ ಪಕ್ಕದಲ್ಲಿ. ಬಣ್ಣದ ಕುಂಡದಲ್ಲಿ ಮೆರೆಯುವ ಪರವೂರಿನ ಗಿಡವಲ್ಲ. ಊರಾಚೆಯ ಗುಡ್ಡದಲ್ಲಿ ತನ್ನ ಪಾಡಿಗೆ ತಾನು ಬೆಳೆಯುತ್ತಿದ್ದ, ಇದೇ ಮಣ್ಣಿನ ಪೊದೆ. ಹೆಂಡತಿ ಚಿಕ್ಕವರಿದ್ದಾಗ ಶಾಲೆಯ ದಾರಿಯುದ್ದಕ್ಕೂ ಅದು ವರ್ಷಕ್ಕೊಮ್ಮೆ ನೇರಳೆ ಹೂ ಬಿಡುತ್ತಿತ್ತಂತೆ. ಈಗ ಆ ಗುಡ್ಡವನ್ನೇ ಜಲ್ಲಿ ಮಾಡಿ ಲಾರಿಗೆ ತುಂಬಿ ಸಾಗಿಸಿಯಾಗಿದೆ. ಅಂಚಿನಲ್ಲಿ ಅಳಿದುಳಿದಿದ್ದ ಪೊದೆಯಿಂದ ಆಕೆ ಕಡ್ಡಿ ಮುರಿದು ತಂದು ನೆಟ್ಟಿದ್ದರು. ಮೊದಲನೆಯದು ಒಣಗಿತು, ಎರಡನೆಯದು ಕೊಳೆಯಿತು, ಮೂರನೆಯದು ಹೇಗೋ ಜೀವ ಹಿಡಿಯಿತು. ಹಿಡಿದು ನಾಲ್ಕು ವರ್ಷವಾದರೂ ಒಂದು ಹೂವಿಲ್ಲ. ಆಕೆ ದಿನವೂ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲು ಗಿಡದ ಮುಂದೆ ನಿಲ್ಲುತ್ತಿದ್ದರು. "ಆ ಹೂವನ್ನ ಇನ್ನೊಂದೇ ಒಂದು ಸಲ ನೋಡಬೇಕು ರೀ, ಸಾಕು" ಅನ್ನುತ್ತಿದ್ದರು. ಈ ವರ್ಷ ಬಿಟ್ಟೇ ಬಿಡುತ್ತದೆಂದು ಆಕೆಗೆ ಖಾತ್ರಿಯಾಗಿತ್ತು. ಅದು ಹೇಗೆ ಗೊತ್ತಾಯಿತೆಂದು ಮಾಸ್ಟರು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

"ನೀರು ಹಾಕಬೇಡಿ. ಗುಡ್ಡದ ಗಿಡ ಅದು, ತನಗೆ ಬೇಕಾದ್ದನ್ನ ತಾನೇ ಹುಡುಕಿಕೊಳ್ಳುತ್ತೆ. ಗೊಬ್ಬರ ಹಾಕಬೇಡಿ. ಮುಟ್ಟಬೇಡಿ" ಎಂದರು ಹೆಂಡತಿ.

"ನೋಡಬಹುದಾ?"

"ದೂರದಿಂದ."

ಮೊದಲ ದಿನ ಮಾಸ್ಟರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಜಗುಲಿಗೆ ಕುರ್ಚಿ ತಂದು ಹಾಕಿಕೊಂಡು, ಗಿಡದ ಕಡೆ ಮುಖ ಮಾಡಿ, ಏನೂ ಮಾಡದೆ ಕೂತರು. ಅದೆಂಥ ಕೂರುವಿಕೆ! ಕೋಟೆ ಕಾಯುವ ಸೈನಿಕನೂ ನಡುವೆ ಒಮ್ಮೆ ಬೆನ್ನು ಕೆರೆದುಕೊಳ್ಳುತ್ತಾನೆ. ಇವರು ಅದನ್ನೂ ಮಾಡಲಿಲ್ಲ. ಎದುರು ಮನೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದವರು ಕುತೂಹಲ ತಡೆಯಲಾರದೆ ರಸ್ತೆ ದಾಟಿ ಬಂದರು.

"ಏನು ಮಾಸ್ಟ್ರೇ, ಇವತ್ತು ಮೆಷಿನ್ ಸದ್ದೇ ಇಲ್ಲ? ನನ್ನ ಪ್ಯಾಂಟು ಎಲ್ಲಿಗೆ ಬಂತು?"

"ಗಿಡ ಬೆಳೆಸ್ತಿದ್ದೀನಿ ಸ್ವಾಮಿ. ಮಾತಾಡಿಸಬೇಡಿ, ಗಮನ ತಪ್ಪುತ್ತೆ."

ಎರಡನೆಯ ದಿನ ಬೆಳಗ್ಗೆ ಅದೇ ಕುರ್ಚಿಯಲ್ಲಿ ಕೂತಿದ್ದಾಗ ಮಾಸ್ಟರ ಕಣ್ಣಿಗೆ ಒಂದು ಘೋರ ಅನ್ಯಾಯ ಬಿತ್ತು. ಗಿಡದ ಎಡತೋಳು ಬಲತೋಳಿಗಿಂತ ಉದ್ದ! ಮೂವತ್ತು ವರ್ಷ ತೋಳು ಹೊಲಿದವರಿಗೆ ಇದನ್ನು ನೋಡಿಕೊಂಡು ಸುಮ್ಮನಿರುವುದು ಸಾಧ್ಯವೇ? ಅವರು ತಲೆ ಆಚೆ ತಿರುಗಿಸಿದರು. ಕಣ್ಣು ಮಾತ್ರ ಈಚೆಗೇ ಬಂತು. ಒಳಗೆ ಹೋಗಿ ನೀರು ಕುಡಿದು ಬಂದರು. ಎಡತೋಳು ಹಾಗೇ ಇತ್ತು.

"ಇದು ಗಿಡ ಮುಟ್ಟಿದ ಹಾಗಲ್ಲ, ಸರಿ ಮಾಡಿದ ಹಾಗೆ" ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಮಾಸ್ಟರು ಕತ್ತರಿ ತಂದರು. ಅರ್ಧ ಇಂಚು ತೆಗೆದರು. ದೂರ ನಿಂತು ನೋಡಿದರೆ ಈಗ ಬಲತೋಳು ಉದ್ದ. ಅದರಲ್ಲಿ ಅರ್ಧ ಇಂಚು ತೆಗೆದರೆ ಭುಜ ಎದ್ದು ಕಂಡಿತು. ಭುಜ ಇಳಿಸಿದರೆ ಸೊಂಟ ದಪ್ಪವಾಯಿತು. ಸೊಂಟ ಹಿಡಿಸಿದ ಮೇಲೆ ಎಡತೋಳು ಮತ್ತೆ ಉದ್ದ! ಹೀಗೆ ಎಡಕ್ಕೂ ಬಲಕ್ಕೂ ನ್ಯಾಯ ಹೇಳುತ್ತ ಹೇಳುತ್ತ ಎದೆಮಟ್ಟ ಇದ್ದ ಗಿಡ ಸೊಂಟದ ಮಟ್ಟಕ್ಕೆ ಬಂತು, ಮಧ್ಯಾಹ್ನದ ಊಟದ ಹೊತ್ತಿಗೆ ಮೊಣಕಾಲಿಗೆ ಇಳಿಯಿತು. ಆದರೆ ಏನು ಹೊಂದಿಕೆ, ಏನು ಅಂದ! ಮಾಸ್ಟರೇ ಮಾಸ್ಟರಿಗೆ ಶಭಾಷ್ ಅಂದುಕೊಂಡರು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಉಳಿದ ಕಡ್ಡಿಗಳ ತುದಿಯಲ್ಲಿ ಕಂದುಬಣ್ಣದ ಸಣ್ಣ ಸಣ್ಣ ಗಂಟುಗಳು ಕಂಡವು, ಧೂಳು ಮೆತ್ತಿದ ನೂಲಿನ ಉಂಡೆಯ ಹಾಗೆ. ಸಿದ್ಧವಾದ ಉಡುಪಿನ ಮೇಲೆ ನೂಲಿನ ಎಳೆ ಬಿಟ್ಟು ಗಿರಾಕಿಗೆ ಕೊಡುವ ಕೈ ಮಾಸ್ಟರದಲ್ಲ. ಕೂತು ಒಂದೊಂದಾಗಿ ಚಿವುಟಿ ತೆಗೆದರು. ಎಲೆಗಳ ಸುಕ್ಕಿಗೂ ಏನಾದರೂ ಮಾಡೋಣವೆನ್ನಿಸಿತು. ಪುಣ್ಯಕ್ಕೆ ಕರೆಂಟಿರಲಿಲ್ಲ, ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು, ಎಲೆಗಳು ಬದುಕಿದವು.

ಮೂರನೆಯ ದಿನ ಹೆಂಡತಿಯ ಫೋನು ಬಂತು.

"ರೀ, ಗಿಡ ಹೇಗಿದೆ?"

"ಹೇಗಿದೆ ಅಂತ ಕೇಳ್ತೀಯಾ? ಮದುಮಗನ ಹಾಗಿದೆ!"

"ಮುಟ್ಟಿಲ್ಲ ತಾನೇ?"

"ಛೆ ಛೆ, ನಾನ್ಯಾಕೆ ಮುಟ್ಟಲಿ!" ಮುಟ್ಟಿದ್ದು ಕತ್ತರಿ, ತಾವಲ್ಲ ಎಂದು ಮಾಸ್ಟರು ಮನಸ್ಸಿನಲ್ಲೇ ತಿದ್ದುಪಡಿ ಹಾಕಿಕೊಂಡರು.

"ಕಡ್ಡಿ ತುದಿಯಲ್ಲಿ ಕಂದು ಗಂಟುಗಳಿವೆಯಲ್ಲ, ಅವು ಊದಿಕೊಂಡಿವೆಯಾ ಸ್ವಲ್ಪ ನೋಡಿ ಹೇಳಿ."

"ಯಾವ... ಯಾವ ಗಂಟು?"

"ಅವೇ ರೀ ಮೊಗ್ಗು! ನೋಡೋಕೆ ಕಸದ ಹಾಗಿರುತ್ತವೆ. ಅಮ್ಮ ತೋರಿಸಿಕೊಟ್ಟಿದ್ದಳು."

ಮಾಸ್ಟರು ಕಸದ ಬುಟ್ಟಿಯ ಕಡೆ ತಿರುಗಿದರು. ಬುಟ್ಟಿ ಖಾಲಿ. ಕಸದ ಗಾಡಿ ಆಗಲೇ ಬಂದು ಹೋಗಿತ್ತು. 

"ಊದಿಕೊಂಡಿವೆ ಕಣೇ. ಬಹಳ ಊದಿಕೊಂಡಿವೆ."

ಆ ಕಡೆ ಆಕೆ ಫೋನು ಕೆಳಗಿಳಿಸಿ, "ಅಕ್ಕಾ, ಮೊಗ್ಗು ಊದಿಕೊಂಡಿದೆಯಂತೆ ಅಕ್ಕಾ!" ಎಂದು ಶಾಲೆಯ ಹುಡುಗಿಯ ಹಾಗೆ ಕೂಗಿದ್ದು ಕೇಳಿಸಿತು. ಪ್ಲಾಸ್ಟರಿನಲ್ಲಿದ್ದ ಅಕ್ಕ ಏನೋ ಹೇಳಿ ಇಬ್ಬರೂ ನಕ್ಕರು. ಮಾಸ್ಟರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಂಡತಿ ಹೀಗೆ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ ಅವರಿಗೇ ನೆನಪಿರಲಿಲ್ಲ. ಈ ನಗುವನ್ನು ಹೇಗಾದರೂ ಉಳಿಸಬೇಕು!

ಓಡಿದ್ದು ನರ್ಸರಿಗೆ. ನರ್ಸರಿ ನಡೆಸುವ ಹೆಂಗಸಿಗೆ ಕೈತುಂಬ ಮಣ್ಣು, ಬಾಯಿತುಂಬ ಖಾರ. ಗಿಡದ ಬುಡದಿಂದ ಮಾಸ್ಟರು ಹೆಕ್ಕಿ ತಂದ ಕಡ್ಡಿಯ ತುಂಡನ್ನು ನೋಡುತ್ತಲೇ ಆಕೆಯ ಹುಬ್ಬು ಗಂಟಿಕ್ಕಿತು.

"ಯಾರು ಕತ್ತರಿಸಿದ್ದು ಇದನ್ನ?"

"ಒಬ್ಬರು... ಪರಿಚಯದವರು."

"ಆ ಪರಿಚಯದವರಿಗೆ ಹೇಳಿ, ಹೋದ ವರ್ಷ ಬೆಳೆದ ಕಡ್ಡಿಯಲ್ಲೇ ಇದು ಈ ವರ್ಷ ಹೂ ಬಿಡೋದು. ಹಳೇ ಕಡ್ಡಿ ಹೋದರೆ ಹೂವೂ ಹೋಯಿತು. ಇನ್ನೇನಿದ್ದರೂ ಬರೋ ವರ್ಷ."

"ವಾಪಸ್ ಅಂಟಿಸೋಕೆ ಆಗಲ್ವಾ?"

"ಏನನ್ನ?"

"ಕಡ್ಡೀನ."

ಆಕೆ ಮಾಸ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವರ ಹತ್ತಿರ ಮಾತು ವ್ಯರ್ಥವೆಂದುಕೊಂಡು ಹಿಂದಿನ ಅಂಗಳದ ಕಡೆ ಕೈ ತೋರಿಸಿದರು. ಅಲ್ಲಿ ಅದೇ ಜಾತಿಯ ಪೊದೆಯೊಂದು ಹೂ ಬಿಟ್ಟು ನಿಂತಿತ್ತು. "ಅದನ್ನೇ ಕೊಟ್ಟುಬಿಡಿ ತಾಯಿ" ಎಂದು ಮಾಸ್ಟರು ಕೈ ಮುಗಿದರು. "ಹೂವಿರುವಾಗ ಬೇರು ಕಿತ್ತರೆ ಸಾಯುತ್ತೆ, ಕೊಡೋದಿಲ್ಲ" ಎಂದಾಯಿತು. ಹತ್ತಿರ ಹೋಗಿ ನೋಡಿದರು. ಐದು ದಳದ ನೇರಳೆ ಹೂ. ನಿಜ ಹೇಳಬೇಕೆಂದರೆ ಮಾಸ್ಟರಿಗೆ ಕೆಲಸ ಅಷ್ಟೇನೂ ಮೆಚ್ಚುಗೆಯಾಗಲಿಲ್ಲ. ಒಂದು ದಳ ಉದ್ದ, ಇನ್ನೊಂದು ಗಿಡ್ಡ, ಅಂಚೆಲ್ಲ ಸುಕ್ಕು. ಇದಕ್ಕಿಂತ ಅಚ್ಚುಕಟ್ಟಾಗಿ ತಾವೇ... ಅಷ್ಟರಲ್ಲಿ ಅವರ ಕೈ ತಾನಾಗಿ ಕೊರಳ ಟೇಪಿಗೆ ಹೋಯಿತು.

"ಏನ್ರೀ ಮಾಡ್ತಿದ್ದೀರಿ?" ನರ್ಸರಿಯವರು ಕೂಗಿದರು.

"ಅಳತೆ ತಗೋತಿದ್ದೀನಿ."

"ಹೂವಿಗಾ? ಅಂಗಿ ಹೊಲಿಸ್ತೀರಾ ಅದಕ್ಕೆ?"

"ದಳ ಮುಕ್ಕಾಲು ಇಂಚು, ಕುತ್ತಿಗೆ ಕಾಲಿಂಚು" ಎಂದು ಗೊಣಗಿಕೊಳ್ಳುತ್ತ ಮಾಸ್ಟರು ಅಂಗೈ ಮೇಲೆ ಬರೆದುಕೊಂಡರು. ವಾಪಸ್ ಬರುವಾಗ ಅವರ ನಡಿಗೆಯೇ ಬೇರೆಯಾಗಿತ್ತು. ಗುಡ್ಡಕ್ಕೆ ಒಂದು ವರ್ಷ ಹಿಡಿಯುವ ಕೆಲಸವನ್ನು ಹೊಲಿಗೆ ಮೆಷಿನ್ ಒಂದು ವಾರದಲ್ಲಿ ಮಾಡಿ ತೋರಿಸಬೇಕು!

ಮನೆಯಲ್ಲಿ ವಾದ್ಯತಂಡದವರ ಕೋಟುಗಳ ಒಳಪದರಕ್ಕೆಂದು ತಂದಿಟ್ಟ ನೇರಳೆ ಸ್ಯಾಟಿನ್ ಬಟ್ಟೆಯ ಥಾನು ಇತ್ತು. ಕೋಟಿನ ಒಳಗೆ ಯಾರು ಬಗ್ಗಿ ನೋಡುತ್ತಾರೆ? ಬಾಗಿಲಿಗೆ 'ತುರ್ತು ಕೆಲಸ, ತಟ್ಟಬಾರದು' ಎಂದು ಬರೆದು ಅಂಟಿಸಿ, ಬೆಳಗ್ಗೆಯಿಂದ ಸಂಜೆಯವರೆಗೆ ಮಾಸ್ಟರು ದಳ ಕತ್ತರಿಸಿದರು, ಅಂಚು ಹೊಲಿದರು, ಹಸಿರು ಪಟ್ಟಿಯಿಂದ ತೊಟ್ಟು ಕಟ್ಟಿದರು. ನರ್ಸರಿಯ ಹೂವಿನಲ್ಲಿದ್ದ ತಪ್ಪುಗಳನ್ನೆಲ್ಲ ತಿದ್ದಿದರು. ಇಲ್ಲಿ ಐದು ದಳವೂ ಒಂದೇ ಅಳತೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಬೆರಳೆಲ್ಲ ಸೂಜಿಯ ತೂತಾದವು. ಹತ್ತನೆಯ ದಿನಕ್ಕೆ ಹನ್ನೆರಡು ಡಜನ್ ಹೂ ಸಿದ್ಧ! ಹನ್ನೊಂದನೆಯ ದಿನ ಬೆಳಗ್ಗೆ ಬೇಗನೆ ಎದ್ದು, ಒಂದೊಂದನ್ನೂ ಕಡ್ಡಿಗೆ ನೇರಳೆ ದಾರದಿಂದ ಬಿಗಿದರು.

ಅಂಗಡಿ ತೆರೆಯಲು ಬಂದ ಗಡಿಯಾರದವರು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟರು.

"ಮಾಸ್ಟ್ರೇ! ನಿನ್ನೆ ಸಂಜೆ ಬರೀ ಕಡ್ಡಿ ಇತ್ತು. ಒಂದೇ ಬೆಳಗ್ಗೆ ಇಷ್ಟೂ ಅರಳಿತಾ?"

"ಹೇಳಿದ ದಿನಕ್ಕೆ ಡೆಲಿವರಿ ಸ್ವಾಮಿ. ಮೊದಲಿಂದ ಅದೇ ನನ್ನ ಪದ್ಧತಿ."

"ಹೇಳಿದ ದಿನಕ್ಕೆ ಕೊಟ್ಟಿದ್ದು ಇದೊಂದೇ ಇರಬೇಕು. ನನ್ನ ಪ್ಯಾಂಟು..."

"ಗಿಡದ ಮುಂದೆ ಪ್ಯಾಂಟಿನ ಮಾತು ಎತ್ತಬೇಡಿ!"

ಸುದ್ದಿ ಬೀದಿಯ ತುದಿ ಮುಟ್ಟಲು ಎಷ್ಟು ಹೊತ್ತು? ಜನ ಬಂದರು, ಫೋಟೋ ತೆಗೆದರು, ನಮ್ಮ ಗಿಡ ಯಾಕೆ ಸೊರಗಿದೆ, ನಮ್ಮದಕ್ಕೆ ಹುಳ ಯಾಕೆ ಎಂದು ಕೇಳಿದರು. ಮಾಸ್ಟರು ಜಗುಲಿಯ ಮೇಲೆ ನಿಂತು ಗೇಟಿನಾಚೆಯವರಿಗೆಲ್ಲ ಪ್ರವಚನ ಕೊಟ್ಟರು. "ಗಿಡಕ್ಕೆ ಮುಖ್ಯವಾಗಿ ಬೇಕಾದ್ದು ಶಿಸ್ತು! ಬಿಟ್ಟರೆ ಅದು ಮನಸ್ಸಿಗೆ ಬಂದ ಹಾಗೆ ಬೆಳೆಯುತ್ತೆ." ಯಾರೂ ಗೇಟಿನೊಳಗೆ ಕಾಲಿಡದಂತೆ ಮಾತ್ರ ನೋಡಿಕೊಂಡರು. ಗೇಟು ಹಾರಿ ಬಂದದ್ದು ಒಂದು ಜೇನುಹುಳ. ಅದು ಒಂದು ಹೂವಿನ ಮೇಲೆ ಕೂತು, ಸುತ್ತ ನಡೆದು, ರೇಟು ಕೇಳಿ ಕೊಳ್ಳದೆ ಹೋಗುವ ಗಿರಾಕಿಯ ಹಾಗೆ ಹೊರಟುಹೋಯಿತು. ಮಾಸ್ಟರು ಅದನ್ನು ಗಮನಿಸದವರಂತೆ ಆಚೆ ನೋಡಿದರು. ಸಂಜೆಯ ಹೊತ್ತಿಗೆ ಆ ಹೂಗಳು ಹೊಲಿದವೆಂಬುದು ಅವರಿಗೇ ಅರ್ಧ ಮರೆತುಹೋಗಿತ್ತು.

ಹನ್ನೆರಡನೆಯ ದಿನ. ಹೆಂಡತಿ ಬರುವ ಬಸ್ಸಿಗೆ ಇನ್ನು ಹತ್ತು ನಿಮಿಷ. ಮಾಸ್ಟರು ಕೊನೆಯ ತಪಾಸಣೆಗೆ ಬಗ್ಗಿದರು. ಎಣಿಸಿದರೆ ನೂರ ನಲವತ್ತೈದು! ಹೊಲಿಯುವ ಹುರುಪಿನಲ್ಲಿ ಒಂದು ಹೆಚ್ಚಾಗಿರಬೇಕು, ಇರಲಿ. ಆದರೆ ಕೆಳಗೆ, ಎಲೆಗಳ ಮರೆಯಲ್ಲಿ ಒಂದು ಹೂ ಕಣ್ಣು ಚುಚ್ಚಿತು. ದಳಗಳು ಸಮವಿಲ್ಲ, ಒಂದು ಮಡಚಿಕೊಂಡಿದೆ, ಅಂಚು ಸುಕ್ಕು. ಇಂಥ ಕಚ್ಚಾ ಕೆಲಸ ತಮ್ಮ ಕೈಯಿಂದ! ಹೆಂಡತಿಯ ಕಣ್ಣಿಗೆ ಮೊದಲು ಇದೇ ಬಿದ್ದರೆ ಮಾನ ಉಳಿಯುತ್ತದೆಯೇ? ಕತ್ತರಿ ತೆಗೆದು ಕಚಕ್ಕನೆ ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಹೆಂಡತಿ ಗೇಟು ತೆರೆದವರು ಅಲ್ಲೇ ನಿಂತರು. ಕೈಯಿಂದ ಚೀಲ ಜಾರಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಎರಡು ಹೆಜ್ಜೆ ಇಟ್ಟು, ಮತ್ತೆ ನಿಂತರು.

"ಗಿಡ ಕುಳ್ಳಗಾಗಿದೆಯಲ್ಲ ರೀ?"

"ಮೊದಲ ಮಳೆಗೆ ಸ್ವಲ್ಪ ಕುಗ್ಗಿದೆ."

"ಮಳೆ ಬಂತಾ?"

"ಬರೋ ಹಾಗಿತ್ತು."

ಆಕೆ ಬಗ್ಗಿ ಒಂದು ಹೂವಿಗೆ ಮೂಗು ತಾಗಿಸಿದರು. ಇನ್ನೊಂದಕ್ಕೆ ತಾಗಿಸಿದರು. ಆಮೇಲೆ ನಿಧಾನವಾಗಿ ಒಂದನ್ನು ಹಿಂದಕ್ಕೆ ತಿರುಗಿಸಿದರು. ಅಂಚಿನುದ್ದಕ್ಕೂ ಅಂಕುಡೊಂಕಿನ ಹೊಲಿಗೆ, ಹಿಂದೆ ಅಚ್ಚುಕಟ್ಟಾದ ದಾರದ ಗಂಟು.

"ಎಷ್ಟು ಹೊಲಿದಿರಿ?"

"ಹನ್ನೆರಡು ಡಜನ್" ಎಂದು ಮಾಸ್ಟರ ಬಾಯಿಂದ ಬಂತು. ಆ ಹೊತ್ತಿನಲ್ಲೂ ದನಿಯಲ್ಲಿ ಸ್ವಲ್ಪ ಜಂಬವಿತ್ತು.

"ಮಳೆಕೋಟಿಗೆ ಒಂದು ಗುಂಡಿ ಹಾಕಿಕೊಡಿ ಅಂತ ಮೂರು ವರ್ಷದಿಂದ ಕೇಳ್ತಿದ್ದೀನಿ."

ಇಷ್ಟಾದ ಮೇಲೆ ಮುಚ್ಚಿಡಲು ಏನಿತ್ತು? ಎಡತೋಳು, ಬಲತೋಳು, ಕಂದು ಗಂಟು, ಕಸದ ಗಾಡಿ, ಮಾಸ್ಟರು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡರು. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಒಂದಾದರೂ ಉಳಿದಿತ್ತಾ ರೀ? ಒಂದೇ ಒಂದು ಮೊಗ್ಗು?"

"ಇಲ್ಲ ಕಣೇ. ಇರೋದೆಲ್ಲ ನನ್ನ ಕೈಕೆಲಸವೇ. ಎಲ್ಲ ಒಂದೇ ಅಳತೆ. ಒಂದೇ ಒಂದು ಕೆಟ್ಟು ಹೋಗಿತ್ತು, ಅದನ್ನೂ ನೀನು ಬರೋ ಮುಂಚೆ ಕತ್ತರಿಸಿ ತೆಗೆದೆ, ನೋಡು."

ಜೇಬಿನಿಂದ ತೆಗೆದು ಆಕೆಯ ಅಂಗೈಯಲ್ಲಿಟ್ಟರು. ಆಕೆ ಅದನ್ನೇ ನೋಡಿದರು. ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

"ರೀ, ಇದಕ್ಕೆ ದಾರ ಎಲ್ಲಿದೆ?"

ಮಾಸ್ಟರು ಹೂವನ್ನು ತಿರುಗಿಸಿ ನೋಡಿದರು. ದಾರವಿರಲಿಲ್ಲ. ಗಂಟಿರಲಿಲ್ಲ. ಹೊಲಿಗೆಯೇ ಇರಲಿಲ್ಲ. ನವಿರಾದ ಒಂದು ಸುವಾಸನೆ ಮೂಗಿಗೆ ಬಂತು. ತಾವು ಚಿವುಟಿ ಚಿವುಟಿ ತೆಗೆದಾಗ ಎಲೆಯ ಮರೆಯಲ್ಲಿ ಹೇಗೋ ತಪ್ಪಿಸಿಕೊಂಡು, ಯಾರಿಗೂ ಹೇಳದೆ ಕೇಳದೆ ಅರಳಿದ್ದ ಒಂದೇ ಒಂದು ಹೂ! ಮಾಸ್ಟರಿಗೆ ಅಳು ಒತ್ತರಿಸಿ ಬಂತು. ಹೆಂಡತಿ ಹೂವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಮಾತಾಡದೆ ಒಳಗೆ ಹೋದರು.

ಆ ಮೌನ ಎರಡು ದಿನ ನಡೆಯಿತು. ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡುತ್ತಿದ್ದವು. ಹೂ ಗಾಜಿನ ಲೋಟದ ನೀರಿನಲ್ಲಿ, ಮೆಷಿನ್ ಪಕ್ಕದಲ್ಲೇ, ಮಾಸ್ಟರ ಕಣ್ಣೆದುರಿಗೇ ಕೂತಿತ್ತು, ಅಲ್ಲಿಟ್ಟದ್ದು ಹೆಂಡತಿ. ಮಾಸ್ಟರು ಸ್ಯಾಟಿನ್ ಹೂಗಳನ್ನೆಲ್ಲ ತಾವೇ ಬಿಚ್ಚಿದರು, ಬೀದಿಯವರಿಗೆಲ್ಲ ತಾವೇ ನಿಜ ಹೇಳಿದರು. ಬೀದಿಗೆ ಒಂದು ವಾರದ ನಗುವಿಗೆ ಸಾಕಾಯಿತು.

ಮೂರನೆಯ ದಿನ ಗಡಿಯಾರದವರು ಪ್ಯಾಂಟು ಕೇಳಲು ಬಂದರು. ಲೋಟದಲ್ಲಿದ್ದ ಹೂ ಕಂಡಿತು. ರಿಪೇರಿಯ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಬಗ್ಗಿ, ನಾಲ್ಕೂ ಕಡೆಯಿಂದ ಪರೀಕ್ಷಿಸಿದರು.

"ಏನೇ ಹೇಳಿ ಮಾಸ್ಟ್ರೇ, ಹೊಲಿದ ಹೂಗಳಲ್ಲಿ ಇದೊಂದು ಮಾತ್ರ ಕೈಕೊಟ್ಟಿದೆ. ದಳ ಗಿಡ್ಡ, ಅಂಚು ಸುಕ್ಕು. ಫಿನಿಶಿಂಗ್ ಸಾಲದು."

ಮಾಸ್ಟರು ಮೆಷಿನ್ ನಿಲ್ಲಿಸಿದರು. ತಲೆ ತಗ್ಗಿಸಿಕೊಂಡೇ ಹೇಳಿದರು.

"ಅದು ನಾನು ಹೊಲಿದದ್ದಲ್ಲ ಸ್ವಾಮಿ. ಅಷ್ಟು ಚೆನ್ನಾಗಿ ನನಗೆ ಬರಲ್ಲ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಎರಡು ದಿನದಲ್ಲಿ ಮೊದಲ ಸಲ ಹೆಂಡತಿಯ ದನಿ ಕೇಳಿಸಿತು.

"ಈ ಮಾತು ಬಾಯಿಗೆ ಬರೋಕೆ ಬರೀ ನಾನು ನಾಲ್ಕು ವರ್ಷ ಕಾದ ಗಿಡ ಕತ್ತರಿಸಿದ್ದು ಸಾಕಾಯ್ತಾ ರೀ? ಇನ್ನೂ ಅರ್ಧ ಇಂಚು ತೆಗೀಬೇಕಿತ್ತಾ?"